ಈಳಿಗೆಮಣೆಯ ಕೊಕ್ಕರೆ, ಮಂಚದ ಮೇಲಿನ ಮೆಂತ್ಯ

ಎಡಗಾಲು ಇನ್ನೂ ಅಲ್ಲಾಡುತ್ತಿದೆ. ನನ್ನದಲ್ಲ, ಹಳೇ ಕಬ್ಬಿಣದಿಂದ ನಾನು ಮಾಡಿಸಿದ ಕೊಕ್ಕರೆಯದು. ಅದು ಸರಿಹೋದ ಮೇಲೆ ಬರೆಯೋಣ ಅಂತ ಎರಡು ವಾರ ಕಾದೆ. ಸರಿಹೋಗುವ ಲಕ್ಷಣ ಕಾಣಲಿಲ್ಲ. ಆದಷ್ಟನ್ನು ಬರೆದಿಡುತ್ತಿದ್ದೇನೆ.

ಮನೆ ದಾವಣಗೆರೆಯ ವಿನೋಬನಗರದಲ್ಲಿ. ಒಂದೇ ಅಂತಸ್ತು, ಮೇಲೆ ಬರೀ ತಾರಸಿ. ಮೇ ಕೊನೆಗೆ ಸುಣ್ಣಬಣ್ಣ ಮಾಡಿಸೋಕೆ ಅಂತ ಅಟ್ಟ ಖಾಲಿ ಮಾಡಿಸಿದೆವು. ಇಳಿದ ಸಾಮಾನು ಇಷ್ಟು: ಅಜ್ಜಿಯ ಕಾಲದ ಈಳಿಗೆಮಣೆ, ಹಿಡಿ ಕಿತ್ತುಹೋದ ಎರಡು ಕಬ್ಬಿಣದ ಬಾಣಲೆ, ಬೀಡು ಕಬ್ಬಿಣದ ದೋಸೆ ಹೆಂಚು, ಬಜ್ಜಿ ಎತ್ತುವ ತೂತಿನ ಸೌಟು ಎರಡು, ಮುರಿದ ಇಕ್ಕಳ, ಸೈಕಲ್ ಚೈನು, ಒಂದು ಡಬ್ಬಿ ತುಂಬಾ ನಟ್ಟು ಬೋಲ್ಟು, ತಾತ ಹತ್ತಿ ಮಿಲ್ಲಿನಲ್ಲಿದ್ದಾಗ ತಂದ ಮರದ ಲಾಳಿ (ಮಗ್ಗದಲ್ಲಿ ಅಡ್ಡ ನೂಲು ಹಾಯಿಸುವಂಥದ್ದು) ಒಂದು. ಜೊತೆಗೆ ನವಾರು ಹರಿದ ಕಬ್ಬಿಣದ ಮಂಚ.

ಗುಜರಿಯವನು ಬಂದು ತಕ್ಕಡಿ ಹಿಡಿದ. ಮಂಚ ಬಿಟ್ಟು ಕಬ್ಬಿಣ 14 ಕೆಜಿ. ಕೆಜಿಗೆ 26 ಅಂದ. ಒಟ್ಟು 364 ರೂಪಾಯಿ. ಅಮ್ಮ ಕೈ ಚಾಚಿಯಾಗಿತ್ತು. ನಾನು ಅಡ್ಡ ಬಂದು, "ಇರಲಿ ಬಿಡಮ್ಮ, ಏನಾದರೂ ಮಾಡ್ತೀನಿ" ಅಂದೆ. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಖರ್ಚಿನ ಲೆಕ್ಕದಲ್ಲಿ ಬೇಕಾಗುತ್ತೆ.

ಯೋಚನೆ ಇಷ್ಟೇ ಇತ್ತು. ಮಂಚವನ್ನೇ ಸ್ಟ್ಯಾಂಡ್ ಮಾಡಿ ಅದರ ಮೇಲೆ ಸೊಪ್ಪಿನ ತೊಟ್ಟಿ. ಪಕ್ಕದಲ್ಲಿ ಉಳಿದ ಕಬ್ಬಿಣದಿಂದ ಒಂದು ಕೊಕ್ಕರೆ. ಮೃಗಶಿರ ಮಳೆ ನಡೆಯುತ್ತಿತ್ತು, ಬಿತ್ತನೆಗೆ ಒಳ್ಳೇ ಹೊತ್ತು. ಶನಿವಾರ, ಭಾನುವಾರ ಎರಡೇ ದಿನ ಸಾಕು ಅಂದುಕೊಂಡೆ.

1. ಡ್ರಮ್ಮು (ಜೂನ್ 14, ಶನಿವಾರ ಬೆಳಿಗ್ಗೆ)

ಹಿಂದಿನ ದಿನವೇ 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು ತಂದಿಟ್ಟಿದ್ದೆ. ಅಂಗಡಿಯಲ್ಲಿ ಎರಡು ಥರ ಇದ್ದವು. ಒಂದಕ್ಕೆ 900 ರೂಪಾಯಿ, ಚೀಟಿ ಕಿತ್ತುಹೋಗಿತ್ತು. ಒಳಗೆ ಏನಿತ್ತು ಅಂತ ಕೇಳಿದರೆ, "ಎಂಥದೋ ಕೆಮಿಕಲ್ ಇರ್ಬೇಕ್ರೀ, ತೊಳದ್ರೆ ಹೋಗ್ತೈತೆ" ಅಂದರು. ಇನ್ನೊಂದರ ಮೇಲೆ ಲಿಕ್ವಿಡ್ ಗ್ಲೂಕೋಸ್ ಅನ್ನೋ ಚೀಟಿ ಹಾಗೇ ಇತ್ತು, ಬೇಕರಿಯವರು ತರಿಸುವಂಥದ್ದು. ಅದಕ್ಕೆ 1,100. ತಿನ್ನೋ ಸೊಪ್ಪು ಬೆಳೆಯುವಾಗ 200 ರೂಪಾಯಿ ಮುಖ ನೋಡಬಾರದು ಅಂತ ಎರಡನೆಯದನ್ನೇ ತಂದೆ. ಚೀಟಿ ಇಲ್ಲದ ಡ್ರಮ್ಮಲ್ಲಿ ಹೂವಿನ ಗಿಡ ಬೇಕಾದರೆ ಹಾಕಿ, ಸೊಪ್ಪು ಬೇಡ.

ಮೂರು ಸಲ ತೊಳೆದಿದ್ದೆ. ಬೆಳಿಗ್ಗೆ ನೋಡಿದರೆ ಬಿರಡೆಯ ಸುತ್ತ ಕಟ್ಟಿರುವೆಗಳ ಜಾತ್ರೆ. ನಾಲ್ಕನೇ ಸಲ ಬಿಸಿನೀರು ಹುಯ್ದು ಕುಲುಕಿದ ಮೇಲೆ ಕಮ್ಮಿಯಾದವು.

ಡ್ರಮ್ಮಿನ ಉದ್ದ 88 ಸೆಂ.ಮೀ., ಅಡ್ಡಗಲ 58. ಉದ್ದಕ್ಕೆ ಸೀಳಿದರೆ ಸುಮಾರು 29 ಸೆಂ.ಮೀ. ಆಳದ ಎರಡು ತೊಟ್ಟಿ. ಸೊಪ್ಪಿಗೆ ಅಷ್ಟು ಆಳ ಧಾರಾಳ. ಪಕ್ಕದ ಮನೆಯಿಂದ ಕಬ್ಬಿಣ ಕೊಯ್ಯುವ ಗ್ರೈಂಡರ್ ಇಸ್ಕೊಂಡು ಬಂದು ಶುರು ಮಾಡಿದೆ. ಒಂದು ಗೇಣು ಕೊಯ್ಯುವಷ್ಟರಲ್ಲಿ ಪ್ಲಾಸ್ಟಿಕ್ ಕರಗಿ, ಕೊಯ್ದ ಗೀರು ಹಿಂದೆಯೇ ಅಂಟಿಕೊಳ್ಳುತ್ತಾ ಬಂತು. ವಾಸನೆ ಬೇರೆ. ಗ್ರೈಂಡರ್ ಎತ್ತಿಟ್ಟು ಆಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಕೈಯಲ್ಲೇ ಕೊಯ್ದೆ. ಒಂದು ಗಂಟೆ ಇಪ್ಪತ್ತು ನಿಮಿಷ. ದಾರ ಹಿಡಿದು ಸೀಮೆಸುಣ್ಣದ ಗೆರೆ ಎಳೆದಿದ್ದರೂ ಬ್ಲೇಡು 2 ಸೆಂ.ಮೀ. ಪಕ್ಕಕ್ಕೆ ಹೋಯಿತು. ಒಂದು ತೊಟ್ಟಿ ದೊಡ್ಡದು, ಒಂದು ಚಿಕ್ಕದು.

ಇದಕ್ಕಿಂತ ದೊಡ್ಡ ತಪ್ಪು ಕೊಯ್ದಾದ ಮೇಲೆ ಹೊಳೆಯಿತು. ಇಂಥ ಡ್ರಮ್ಮಿನ ತಲೆಯಲ್ಲಿ ಎದುರುಬದುರಾಗಿ ಎರಡು ಬಿರಡೆ ಇರುತ್ತವೆ. ಬಿರಡೆ ಎರಡೂ ಒಂದೊಂದು ಅರ್ಧದ ತಳಕ್ಕೆ ಬರುವ ಹಾಗೆ ಗೆರೆ ಎಳೆದಿದ್ದರೆ ಪ್ರತಿ ತೊಟ್ಟಿಗೂ ನೀರು ಬಸಿಯುವ ಬಾಯಿ ತಾನಾಗೇ ಸಿಗುತ್ತಿತ್ತು. ತಿರುವಿದರೆ ಆಯ್ತು. ನಾನು ಎಳೆದ ಗೆರೆ ಸರಿಯಾಗಿ ಎರಡೂ ಬಿರಡೆಗಳ ಮೇಲೆಯೇ ಹಾದು, ಎರಡನ್ನೂ ಸೀಳಿ ಹಾಕಿತ್ತು. ನೀವು ಕೊಯ್ಯುವ ಮೊದಲು ಡ್ರಮ್ಮಿನ ತಲೆ ಒಂದು ಸಲ ನೋಡಿ.

ಬಿರಡೆ ಹೋಯ್ತಲ್ಲ, ತಳಕ್ಕೆ ತೂತು ಬೇಕು. ಮೊಳೆ ಕಾಯಿಸಿ ಒಂದೊಂದಕ್ಕೆ ಆರು ತೂತು ಚುಚ್ಚಿದೆ. ಒಂದೊಂದು ತೂತು 3 ಮಿ.ಮೀ. ಸಾಕು ಅನ್ನಿಸಿತು. ಸಾಲಲಿಲ್ಲ. ಅದರ ಕತೆ ರಾತ್ರಿಗೆ.

2. ಮಂಚ (ಶನಿವಾರ, 11 ಗಂಟೆ)

ಮಂಚ ಆರಡಿ ಉದ್ದ, ಮೂರಡಿ ಅಗಲ. ಟೇಪು ಹಿಡಿದೆ, ಅಗಲ 91 ಸೆಂ.ಮೀ. ತೊಟ್ಟಿ 88. ಅಡ್ಡಲಾಗಿ ಇಟ್ಟರೆ ಎರಡೂ ತುದಿ ಚೌಕಟ್ಟಿನ ಮೇಲೆ ಚೆನ್ನಾಗಿ ಕೂರುತ್ತೆ ಅಂತ ಲೆಕ್ಕ ಹಾಕಿದೆ.

ನಾನು ಅಳೆದದ್ದು ಹೊರಗಿನ ಅಗಲ. ಚೌಕಟ್ಟಿನ ಕಬ್ಬಿಣವೇ ಒಂದೊಂದು ಕಡೆ 4 ಸೆಂ.ಮೀ. ಇದೆ. ಒಳಗಿನ ಖಾಲಿ ಜಾಗ 83. ಅಂದರೆ ತೊಟ್ಟಿ ಒಂದೊಂದು ತುದಿಯಲ್ಲಿ ಎರಡೂವರೆ ಸೆಂ.ಮೀ. ಮಾತ್ರ ಆತುಕೊಂಡಿತ್ತು. ಇಟ್ಟ ಮೇಲೆ ಕಣ್ಣಿಗೇನೂ ತಪ್ಪು ಕಾಣಲಿಲ್ಲ. ತಳ ಗುಂಡಗಿದೆ, ಉರುಳದೇ ಇರಲಿ ಅಂತ ಎರಡೂ ಪಕ್ಕಕ್ಕೆ ಇಟ್ಟಿಗೆ ಚೂರು ಸಿಕ್ಕಿಸಿದೆ. ಹುಷಾರಿ ಅಂದುಕೊಂಡೆ.

ಒಂದು ವಿಷಯ ಮಾತ್ರ ಸರಿ ಮಾಡಿದ್ದೆ. ಮಂಚವನ್ನು ತಾರಸಿಯ ನಡುವೆ ಇಡದೆ, ಕೆಳಗೆ ಗೋಡೆ ಬರುವ ಕಡೆ ಅಂಚಿಗೆ ಇಟ್ಟೆ. ಹಗುರ ಮಣ್ಣು ಅಂದರೂ ನೆನೆದ ಮೇಲೆ ಒಂದು ತೊಟ್ಟಿ 100 ಕೆಜಿ ಹತ್ತಿರ ಬರುತ್ತೆ. ಎರಡು ತೊಟ್ಟಿ, ಮಂಚ ಎಲ್ಲ ಸೇರಿ ನಾಲ್ಕು ಕಾಲಿನ ಮೇಲೆ 220. ಕಾಲಿನ ಕೆಳಗೆ ಉಳಿದಿದ್ದ ಗ್ರಾನೈಟ್ ಚೂರು ಕೊಟ್ಟೆ, ತಾರಸಿಯ ಗಾರೆ ಕಿತ್ತು ಬರಬಾರದು ಅಂತ.

3. ಮಣ್ಣು (ಶನಿವಾರ ಮಧ್ಯಾಹ್ನ)

ನಮ್ಮ ಸುತ್ತಮುತ್ತ ಎರೆಮಣ್ಣು ಬೇಕಾದಷ್ಟು ಸಿಗುತ್ತೆ, ಪುಕ್ಕಟೆ. ತೊಟ್ಟಿಗೆ ಅದನ್ನು ಹಾಕಬೇಡಿ. ನೆನೆದರೆ ಅಂಟು, ಒಣಗಿದರೆ ಬೆರಳು ತೂರುವಷ್ಟು ಬಿರುಕು. ಹೋದ ವರ್ಷ ಕುಂಡದಲ್ಲಿ ಹಾಕಿ ನೋಡಿ ಬುದ್ಧಿ ಕಲಿತಿದ್ದೆ.

ಈ ಸಲ ಕೆಮ್ಮಣ್ಣು ಎರಡು ಚೀಲ, 200 ರೂಪಾಯಿ. ಐದು ಕೆಜಿಯ ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ ಒಂದು, 180. ಅದನ್ನು ಬಚ್ಚಲಿನ ದೊಡ್ಡ ಟಬ್ಬಿನಲ್ಲಿ ನೆನೆಸಿದರೆ ಊದಿ ಊದಿ 65 ಲೀಟರಿನಷ್ಟಾಯ್ತು. ಎರೆಗೊಬ್ಬರ 40 ಕೆಜಿ, 400. ಬೇವಿನ ಹಿಂಡಿ 2 ಕೆಜಿ, 90. ಮಣ್ಣು ಹಗುರವಾಗಲಿ ಅಂತ ಒಂದು ಚೀಲ ಭತ್ತದ ಹೊಟ್ಟು, 20 ರೂಪಾಯಿ.

ಹೊಟ್ಟಿನ ಬದಲು ಮಂಡಕ್ಕಿ ಭಟ್ಟಿಯ ಬೂದಿ ತಂದು ಹಾಕು ಅಂತ ಒಬ್ಬರು ಹೇಳಿದ್ದರು. ಬರೀ ಹೊಟ್ಟು ಸುಟ್ಟ ಬೂದಿಯಾದರೆ ಸ್ವಲ್ಪ ಹಾಕಬಹುದು. ಆದರೆ ಒಲೆಗೆ ಹಳೇ ಟೈರು ಹಾಕುವುದೂ ಉಂಟು, ಆ ಬೂದಿಯಲ್ಲಿ ಏನೇನಿರುತ್ತೋ. ನಾನು ಭಟ್ಟಿ ಕಡೆ ಹೋಗಲಿಲ್ಲ, ಅಕ್ಕಿ ಗಿರಣಿಯಿಂದ ಹಸಿ ಹೊಟ್ಟೇ ತಂದೆ. ಅದಕ್ಕೂ ಒಂದು ಬೆಲೆ ತೆರಬೇಕಾಯ್ತು, ಮುಂದೆ ಹೇಳ್ತೀನಿ.

ಟಾರ್ಪಾಲಿನ ಮೇಲೆ ಸುರಿದು, ಸನಿಕೆಯಲ್ಲಿ ಮೂರು ಸಲ ತಿರುವಿ, ಎರಡೂ ತೊಟ್ಟಿ ತುಂಬಿದೆ. ಸಂಜೆ 4 ಗಂಟೆ. ಬಿತ್ತನೆ ಭಾನುವಾರಕ್ಕೆ ಅಂತ ಬಿಟ್ಟೆ. ಅದೊಂದು ಪುಣ್ಯ.

4. ಕೊಕ್ಕರೆ, ಮೊದಲ ಸುತ್ತು (ಶನಿವಾರ ಸಂಜೆ)

ಈಳಿಗೆಮಣೆಯನ್ನು ಒಂದು ಸಲ ಪಕ್ಕದಿಂದ ನೋಡಿ. ಮಣೆಯಿಂದ ಮೇಲಕ್ಕೆದ್ದು ಮುಂದಕ್ಕೆ ಬಾಗಿದ ಅಲಗು. ತುದಿಯಲ್ಲಿ ಕಾಯಿ ತುರಿಯುವ ಹಲ್ಲಿನ ಬಿಲ್ಲೆ. ಕುಂದುವಾಡ ಕೆರೆ ದಂಡೆಯಲ್ಲಿ ಕತ್ತು ಬಾಗಿಸಿ ನಿಂತ ಕೊಕ್ಕರೆ ನೋಡಿದವರಿಗೆ ಬೇರೆ ಏನೂ ಹೇಳಬೇಕಿಲ್ಲ. ಕತ್ತು, ತಲೆ ಸಿದ್ಧವಾಗೇ ಇದೆ. ಎರಡು ಬಾಣಲೆ ಮುಖಕ್ಕೆ ಮುಖ ಜೋಡಿಸಿದರೆ ಹೊಟ್ಟೆ. ತೂತಿನ ಸೌಟು ರೆಕ್ಕೆ. ಇಕ್ಕಳದ ಒಂದು ತೋಳು ಕೊಕ್ಕು. ಚೈನು ಬಾಲ. 8 ಮಿ.ಮೀ. ಸರಳು ಕಾಲು, ಒಂದೊಂದು 45 ಸೆಂ.ಮೀ. ನಿಲ್ಲೋಕೆ ದೋಸೆ ಹೆಂಚು.

ಲಾಳಿಯ ಎರಡೂ ತುದಿಗೆ ಚೂಪಾದ ಲೋಹದ ಮೊನೆ ಇದೆ. ಕೊಕ್ಕಿಗೆ ಅದಕ್ಕಿಂತ ಚೆಂದದ್ದು ಸಿಗೋದಿಲ್ಲ. ಇಕ್ಕಳದಲ್ಲಿ ಹಿಡಿದು ಎಳೆಯೋಕೂ ಹೋದೆ. ಆಮೇಲೆ ಮನಸ್ಸು ಬರಲಿಲ್ಲ. ಹತ್ತಿ ಮಿಲ್ಲುಗಳಿಂದಾಗಿ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ದಿನಗಳಲ್ಲಿ ಓಡಾಡಿದ ಲಾಳಿ ಅದು. ಮೈಯೆಲ್ಲ ನುಣ್ಣಗೆ, ನೂಲು ಹೊರಬರುವ ಕಣ್ಣಿನ ಹತ್ತಿರ ಕೂದಲೆಳೆಯಷ್ಟು ಸವೆದ ಗೀರು. ಒರೆಸಿ ಕಪಾಟಿನಲ್ಲಿಟ್ಟೆ.

ಅಲಗನ್ನು ಮಣೆಯಿಂದ ಬಿಡಿಸುವಾಗ ಹೆಬ್ಬೆರಳು ಕೊಯ್ದುಕೊಂಡೆ. ಹತ್ತು ವರ್ಷ ಅಟ್ಟದಲ್ಲಿದ್ದ ಅಲಗು ಏನು ಮಾಡೀತು ಅನ್ನೋ ಧೈರ್ಯ. ಅಮ್ಮ ಅರಿಶಿನ ಒತ್ತಿದರು, ನಾನು ಹೋಗಿ ಟಿಟಿ ಇಂಜೆಕ್ಷನ್ ಮಾಡಿಸಿಕೊಂಡು ಬಂದೆ. ಒಂದು ಗಂಟೆ ಹೋಯ್ತು. ಅಲಗಿಗೆ ಮೊದಲು ಬಟ್ಟೆ ಸುತ್ತಬೇಕಿತ್ತು, ಅಷ್ಟೇ.

ಬಂದವನೇ ಮೊದಲು ಅಲಗಿನ ಬಾಯಿ ಮೊಂಡು ಮಾಡಿದೆ. ತಾರಸಿಗೆ ಅಕ್ಕಪಕ್ಕದ ಮಕ್ಕಳು ಬರುತ್ತಾರೆ. ಗ್ರೈಂಡರ್ ಹಿಡಿದೆ, ಕಿಡಿ ಹಾರಿತು, ನಾಲ್ಕು ನಿಮಿಷದ ಕೆಲಸ. ಅಮ್ಮ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

"ಅದಕ್ಕೆ ಎಷ್ಟು ವರ್ಷ ಸಾಣೆ ಹಿಡಿಸಿದೀವಿ ಗೊತ್ತೇನೋ. ಸಾಣೆಯವನು ಓಣಿಗೆ ಬಂದ ಅಂದ್ರೆ ನಿಮ್ಮಜ್ಜಿ ಒಲೆ ಮೇಲಿನ ಸಾರು ಬಿಟ್ಟು ಓಡೋಳು."

ಆಗ ಅಲಗನ್ನು ಸರಿಯಾಗಿ ನೋಡಿದೆ. ಬುಡದಲ್ಲಿ ಮೂರು ಬೆರಳು ಅಗಲ, ತುದಿಯ ಹತ್ತಿರವೂ ಹಾಗೇ. ನಡುವೆ ಮಾತ್ರ ಒಂದೂವರೆ ಬೆರಳು. ತರಕಾರಿ ಹೆಚ್ಚುವ ಜಾಗ ಅದು. ಸಾಣೆ ಹಿಡಿದು ಹಿಡಿದು ಸೊಂಟದ ಹಾಗೆ ಸಣ್ಣಗಾಗಿತ್ತು. ನಾನು ಕೊಕ್ಕರೆಯ ಕತ್ತು ಅಂದುಕೊಂಡ ಬಾಗು ಅರ್ಧ ಕಮ್ಮಾರನದು, ಅರ್ಧ ಸಾಣೆಯವನದು. ಕೇಳದೆ ಮಾಡಿದ್ದು ತಪ್ಪಾಯ್ತಮ್ಮ ಅಂದೆ. "ಈಗ ಮೊಂಡಾಯ್ತಲ್ಲ, ಇನ್ನು ಏನು ಬೇಕಾದ್ರೂ ಮಾಡು" ಅಂತ ಕೆಳಗಿಳಿದು ಹೋದರು.

ಜೋಡಿಸೋಕೆ ಎಪಾಕ್ಸಿ ಪುಟ್ಟಿ (ಎರಡು ಉಂಡೆ ಕಲಸಿದರೆ ಗಟ್ಟಿಯಾಗುವ ಅಂಟು) ಎರಡು ಪ್ಯಾಕೆಟ್, 80 ರೂಪಾಯಿ. ಎರಡೂ ಉಂಡೆ ಕಲಸಿ ಬಾಣಲೆಯ ಅಂಚಿಗೆ ಮೆತ್ತಿ, ಕತ್ತು ನಿಲ್ಲಿಸಿ, ದಾರ ಕಟ್ಟಿ ಬಿಟ್ಟೆ. ತುಕ್ಕು ಉಜ್ಜಲಿಲ್ಲ. ಕತ್ತಲಾಗಿತ್ತು, ಕೈ ನೋಯುತ್ತಿತ್ತು, ಹಿಡಿಯುತ್ತೆ ಬಿಡು ಅಂದುಕೊಂಡೆ.

5. ರಾತ್ರಿ 2 ಗಂಟೆ 10 ನಿಮಿಷ

ಹತ್ತೂವರೆಗೆ ಮಳೆ ಶುರುವಾಯ್ತು. ಜೋರೇ ಬಂತು. ಎರಡು ಗಂಟೆಗೆ ತಲೆಯ ಮೇಲೆ ಧಡ್ ಅಂತ ಸದ್ದು. ಅಮ್ಮ "ಗೋಡೆ ಬಿತ್ತೇನೋ" ಅಂತ ಎದ್ದು ಕೂತರು. ಟಾರ್ಚ್ ಹಿಡಿದು ಹತ್ತಿ ನೋಡಿದರೆ ದೊಡ್ಡ ತೊಟ್ಟಿಯ ಒಂದು ತುದಿ ಮಂಚದೊಳಗೆ ಜಾರಿ ನೆಲಕ್ಕೆ ಕುಕ್ಕಿತ್ತು. ಇನ್ನೊಂದು ತುದಿ ಚೌಕಟ್ಟಿಗೆ ನೇತಾಡುತ್ತಿತ್ತು. ತಾರಸಿ ತುಂಬಾ ಕೆಂಪು ನೀರು. 400 ರೂಪಾಯಿಯ ಎರೆಗೊಬ್ಬರದ ಕಾಲು ಭಾಗ ನೀರಿನ ಪೈಪಿನ ಕಡೆ ಹೊರಟಿತ್ತು. ಪೈಪಿನ ಬಾಯಿಗೆ ಗೋಣಿಚೀಲ ತುರುಕಿ ಅಡ್ಡ ಹಾಕಿದೆ.

ಆಗಿದ್ದು ಏನು ಅಂದರೆ, ಆರೂ ತೂತು ಕೋಕೋಪಿಟ್ ಪುಡಿಯಿಂದ ಮುಚ್ಚಿಹೋಗಿ ತೊಟ್ಟಿ ಬಕೆಟ್ ಆಗಿತ್ತು. ನೀರು ನಿಂತು ಭಾರ ಏರಿತು. ಭಾರಕ್ಕೆ ಪ್ಲಾಸ್ಟಿಕ್ ಹೊಟ್ಟೆ ಜೋತು ತುದಿಗಳು ಒಳಕ್ಕೆ ಬಂದವು. ಎರಡೂವರೆ ಸೆಂ.ಮೀ. ಹಿಡಿತ ಎಷ್ಟು ಹೊತ್ತು ತಡೆದೀತು?

ಚಿಕ್ಕ ತೊಟ್ಟಿ ಮಾತ್ರ ಹೇಗೋ ನಿಂತಿತ್ತು. ಅದರ ಕೆಳಗೆ ಇಟ್ಟಿಗೆ ಒಟ್ಟಿ ಮಲಗೋಕೆ ಹೋದಾಗ ಮೂರು ಗಂಟೆ. ಹೋಗುವಾಗ ಕೊಕ್ಕರೆ ಕಡೆ ಟಾರ್ಚ್ ಬಿಟ್ಟೆ. ಕತ್ತು ನೆಲದ ಮೇಲಿತ್ತು.

6. ವೆಲ್ಡಿಂಗ್ (ಜೂನ್ 15, ಭಾನುವಾರ)

ಬೆಳಿಗ್ಗೆ ನೋಡಿದರೆ ಪುಟ್ಟಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅದರ ತಪ್ಪೇನೂ ಇಲ್ಲ. ಅದು ಹಿಡಿದದ್ದು ತುಕ್ಕನ್ನು, ತುಕ್ಕು ಕಬ್ಬಿಣ ಬಿಟ್ಟು ಬಂದಿತ್ತು. ಪುಟ್ಟಿಯ ಹಿಂದೆ ತುಕ್ಕಿನ ಹಾಳೆ ಹಪ್ಪಳದ ಹಾಗೆ ಅಂಟಿತ್ತು.

ಭಾನುವಾರ ವೆಲ್ಡಿಂಗ್ ಅಂಗಡಿ ಅರ್ಧ ದಿನ ಮಾತ್ರ. ಏಳಕ್ಕೇ ಎರಡೂ ತೊಟ್ಟಿಯ ಮಣ್ಣನ್ನು ಟಾರ್ಪಾಲಿಗೆ ಸುರಿದು, ಮಂಚ ಮತ್ತು ಕೊಕ್ಕರೆಯ ಬಿಡಿಭಾಗ ಲಗೇಜ್ ಆಟೋದಲ್ಲಿ ಹಾಕಿಕೊಂಡು ಹೊರಟೆ. ಹೋಗಿ ಬರೋಕೆ 150. ಅಂಗಡಿಯ ಯಜಮಾನರಿಗೆ ಅರವತ್ತರ ಮೇಲೆ ವಯಸ್ಸು. ಸಾಮಾನು ನೆಲಕ್ಕೆ ಹರಡಿದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿದರು.

"ಇದೇನ್ರೀ, ಅಡಿಗಿ ಮನೀನೇ ತಂದೀರಲ್ಲ?"

"ಕೊಕ್ಕರೆ ಮಾಡ್ಬೇಕಿತ್ತು ಯಜಮಾನ್ರೆ."

"ಮಾಡಣ ಬಿಡ್ರಿ. ಮೊದ್ಲು ಮಂಚ."

ಮಂಚದ ಕೆಲಸ ಸುಲಭ. ಅವರಲ್ಲೇ ಇದ್ದ ಒಂದಿಂಚಿನ ಹಳೇ ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ನಾಲ್ಕು ತುಂಡು, 4 ಕೆಜಿ, ಕೆಜಿಗೆ 45ರಂತೆ 180. ಒಂದೊಂದು ತೊಟ್ಟಿಗೆ ಎರಡೆರಡು. ಮಂಚಕ್ಕೆ ಅಡ್ಡಲಾಗಿ, ಎರಡರ ನಡುವೆ 36 ಸೆಂ.ಮೀ. ಬಿಟ್ಟು ಹಾಕಿದರು. ಗುಂಡು ತಳ ಆ ಎರಡು ಆಂಗಲ್ ನಡುವೆ ತೊಟ್ಟಿಲಲ್ಲಿ ಮಗು ಮಲಗಿದ ಹಾಗೆ ಕೂರುತ್ತೆ. ತಳ ಆಂಗಲ್‌ಗಿಂತ ಸುಮಾರು 6 ಸೆಂ.ಮೀ. ಕೆಳಗಿಳಿಯುತ್ತೆ. ಉರುಳುವ ಮಾತೇ ಇಲ್ಲ.

ಕೊಕ್ಕರೆಗೆ ಬಂದರು. ಜೇಬಿಂದ ಒಂದು ಅಯಸ್ಕಾಂತ ತೆಗೆದು ಒಂದೊಂದಕ್ಕೂ ಮುಟ್ಟಿಸಿದರು. ಹಳೇ ಸ್ಪೀಕರಿನದು. ಅಲಗು, ಬಾಣಲೆ, ಇಕ್ಕಳ ಅಂಟಿದವು. ಸೌಟು ಎರಡೂ ಅಂಟಲಿಲ್ಲ. "ಅಲ್ಯೂಮಿನಿಯಂ ಐತಿ. ನಮ್ ರಾಡಿಗೆ ಬರಂಗಿಲ್ಲ, ರಿವೆಟ್ ಹೊಡ್ಕೊಳ್ರಿ" ಅಂದರು. ಮಸಿ ಹಿಡಿದು ಕಪ್ಪಗಿದ್ದ ಸೌಟನ್ನು ನಾನು ಕಬ್ಬಿಣ ಅಂದುಕೊಂಡಿದ್ದೆ. ರಿವೆಟ್ ಅವರೇ ಹೊಡೆದು ಕೊಟ್ಟರು.

ಬಾಣಲೆ ಒಂದು 26 ಸೆಂ.ಮೀ., ಇನ್ನೊಂದು 24. ದೊಡ್ಡದರೊಳಗೆ ಚಿಕ್ಕದು ಒಂದು ಬೆರಳು ಕೂತಿತು, ಹಾಗೇ ಸುತ್ತ ಎಂಟು ಕಡೆ ಚುಕ್ಕೆ ಇಟ್ಟರು. ತೆಳು ತಗಡು, ಸಣ್ಣ ರಾಡು ಹಾಕಿದರೂ ಒಂದು ಕಡೆ ಸುಟ್ಟು ತೂತಾಯ್ತು. ಅದರ ಮೇಲೆ ವಾಷರ್ ಇಟ್ಟು ಮುಚ್ಚಿದರು. ಚೈನಿನ ಗ್ರೀಸು ತೆಗೆದಿರಲಿಲ್ಲ. ರಾಡು ತಾಗಿದ ಕೂಡಲೇ ಹೊಗೆ ಎದ್ದಿತು. ಯಜಮಾನರು ಬೈದು, ಸೀಮೆಎಣ್ಣೆ ಡಬ್ಬಿ ತೋರಿಸಿದರು. ಕೂತು ತೊಳೆದೆ, ಚೆನ್ನಾಗಿ ಒರೆಸಿ ಒಣಗಿಸಿದ ಮೇಲೇ ಮತ್ತೆ ರಾಡು ಮುಟ್ಟಿಸಿದರು. ಅರ್ಧ ಗಂಟೆ.

ಇನ್ನು ಹೆಂಚು. ಅವರು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿದರು.

"ಇದು ಬೀಡು. ಇದಕ್ಕ ಹಿಡಿಯಂಗಿಲ್ರಿ. ಹಿಡದಂಗ್ ಕಾಣ್ತೈತಿ, ಆರಿದ್ ಮ್ಯಾಲೆ ಬಿರುಕು ಬಿಡ್ತೈತಿ. ತೂತು ಹಾಕಿ ಬೋಲ್ಟ್ ಮಾಡ್ರಿ."

ನನಗೆ ಹನ್ನೆರಡು ಗಂಟೆಯೊಳಗೆ ಮುಗಿಯಬೇಕಿತ್ತು. ಬೋಲ್ಟ್ ತಲೆ ಹೆಂಚಿನ ಮೇಲೆ ಕಂಡರೆ ಚೆಂದ ಇರಲ್ಲ ಅನ್ನೋ ಶೋಕಿ ಬೇರೆ. "ಹಿಡಿದಷ್ಟು ಹಿಡಿಯಲಿ ಯಜಮಾನ್ರೆ, ಹಾಕಿಬಿಡಿ" ಅಂದೆ. ಅವರು ಮತ್ತೊಂದು ಸಲ ಬೇಡ ಅಂದರು. ನಾನು ಮತ್ತೊಂದು ಸಲ ಹಾಕಿ ಅಂದೆ. ಹಾಕಿದರು. ಮಂಚ, ಕೊಕ್ಕರೆ ಸೇರಿ ಕೂಲಿ 350. ಈ ಇಡೀ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ. ಉಳಿದವು ಗೊತ್ತಿಲ್ಲದೆ ಆದದ್ದು. ಇದು ಗೊತ್ತಿರುವವರು ಎರಡು ಸಲ ಹೇಳಿದ ಮೇಲೂ ಆದದ್ದು.

ಆಟೋ ಚಾಲಕ ಕೊಕ್ಕರೆಯನ್ನು ಎತ್ತಿಟ್ಟುಕೊಳ್ಳುತ್ತಾ, "ಕೋಳಿ ಚೆನ್ನಾಗಾಗೈತಿ ಸಾರ್" ಅಂದ. ತುರಿಯುವ ಹಲ್ಲಿನ ಬಿಲ್ಲೆ ತಲೆಯ ಮೇಲೆ ಜುಟ್ಟಿನ ಹಾಗೆ ನಿಂತಿತ್ತು. ಅವತ್ತಿಂದ ನೋಡಿದವರೆಲ್ಲ ಕೋಳಿ ಅಂತಲೇ ಅನ್ನುತ್ತಿದ್ದಾರೆ.

7. ಬಣ್ಣ, ಬಳೆ ಚೂರು (ಭಾನುವಾರ ಮಧ್ಯಾಹ್ನ)

ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ, ಈ ಸಲ ನಿಜವಾಗಿ ಉಜ್ಜಿ, ತುಕ್ಕು ತಡೆಯೋಕೆ ಮೊದಲು ಬಳಿಯುವ ರೆಡ್ ಆಕ್ಸೈಡ್ ಹೊಡೆದೆ. ಒಂದು ರಾತ್ರಿ ಬಿಡಬೇಕು. ಮೋಡ ಕವಿದಿತ್ತು, ಇನ್ನೂ ಜಾಸ್ತಿಯೇ ಬಿಡಬೇಕಿತ್ತು. ಮೂರು ಗಂಟೆ ಬಿಟ್ಟು ಬಿಳಿ ಎನಾಮಲ್ ಹೊಡೆದೆ. ಹೊಟ್ಟೆಯ ಮೇಲೆಲ್ಲ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು. ಗರಿ ಇದ್ದ ಹಾಗಿದೆ ಅಂತ ಹೆಂಡತಿ ಸಮಾಧಾನ ಹೇಳಿದಳು. ಬಣ್ಣ, ಬ್ರಷ್ಷು ಸೇರಿ 210.

ಚಂಡೀಗಢದ ರಾಕ್ ಗಾರ್ಡನ್ ಚಿತ್ರ ನೋಡಿರಬಹುದು. ನೇಕ್ ಚಂದ್ ಅನ್ನೋ ರಸ್ತೆ ಇನ್‌ಸ್ಪೆಕ್ಟರ್ 1957ರಿಂದ ಯಾರಿಗೂ ಹೇಳದೆ ಕಟ್ಟುತ್ತಾ ಹೋದದ್ದು. 1976ರಲ್ಲಿ ಜನರಿಗೆ ತೆರೆದರು. ಒಡೆದ ಬಳೆ, ಟೈಲ್ಸ್ ಚೂರು ಅಂಟಿಸಿ ಮಾಡಿದ ಬೊಂಬೆಗಳು. ಅದನ್ನು ನೋಡಿ ನಾನೂ ತೊಟ್ಟಿಯ ಹೊರಮೈಗೆ ಬಿಳಿ ಸಿಮೆಂಟು ಮೆತ್ತಿ ಬಳೆ ಚೂರು ಒತ್ತಿದೆ. ಎರಡು ಗಂಟೆ ಕೂತು, ಅಲೆಅಲೆಯಾಗಿ, ಹಸಿರು ಒಂದು ಸಾಲು, ಕೆಂಪು ಒಂದು ಸಾಲು. ನೇಕ್ ಚಂದ್ ಅಂಟಿಸಿದ್ದು ಸಿಮೆಂಟಿನ ಮೇಲೆ, ನಾನು ಅಂಟಿಸಿದ್ದು ಪ್ಲಾಸ್ಟಿಕ್ ಮೇಲೆ. ಮಂಗಳವಾರ ತೊಟ್ಟಿಗೆ ನೀರು ಹಾಕುವಾಗ ಮೊಣಕೈ ತಾಗಿತು, ಅಷ್ಟಕ್ಕೇ ಮೊಳದುದ್ದದ ಹಾಳೆ ಬಳೆ ಸಮೇತ ಕಳಚಿ ಬಿತ್ತು. ಗಾಜು ಆರಿಸಲು ಅರ್ಧ ಗಂಟೆ. ಸಿಮೆಂಟ್ ಕುಂಡ ಇದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಿ.

8. ಬಿತ್ತನೆ (ಭಾನುವಾರ, ಸಂಜೆ 5:30)

ತಳದ ತೂತು 12 ಮಿ.ಮೀ.ಗೆ ದೊಡ್ಡದು ಮಾಡಿದೆ, ಒಂದೊಂದಕ್ಕೆ ಎಂಟು. ಮೇಲೆ ಹಳೇ ಸೊಳ್ಳೆಪರದೆಯ ಎರಡು ಮಡಿಕೆ ಹಾಸಿದೆ. ಮಣ್ಣು ತುಂಬಿ ಎರಡು ಬಕೆಟ್ ನೀರು ಹುಯ್ದರೆ ಒಂದೇ ನಿಮಿಷಕ್ಕೆ ಕೆಳಗೆ ಬಸಿಯಿತು. ಎದೆ ಮೇಲಿನ ಭಾರ ಇಳಿಯಿತು.

ದೊಡ್ಡ ತೊಟ್ಟಿಗೆ ಮೆಂತ್ಯ, ಕೊತ್ತಂಬರಿ. ಚಿಕ್ಕದಕ್ಕೆ ನಾಲ್ಕು ಮೆಣಸಿನ ಸಸಿ, ಉಳಿದ ಜಾಗಕ್ಕೆ ಪಾಲಕ್. ಮೆಂತ್ಯ ಅಡಿಗೆಮನೆ ಡಬ್ಬಿಯದೇ, ಒಂದು ರಾತ್ರಿ ನೆನೆಸಿದ್ದು. ಉಳಿದ ಬೀಜ, ಸಸಿ ಮಂಡಿಪೇಟೆಯಿಂದ ತಂದದ್ದು, 100 ರೂಪಾಯಿ. ಕೊತ್ತಂಬರಿ ಬೀಜವನ್ನು ಒಡೆದು ಎರಡು ಹೋಳು ಮಾಡಬೇಕು. ಅರ್ಧ ಬೀಜಕ್ಕೆ ಚಪಾತಿ ಲಟ್ಟಣಿಗೆ ಉರುಳಿಸಿದೆ. ಅಷ್ಟರಲ್ಲಿ ಮಳೆ ಹನಿ ಶುರುವಾಯ್ತು, ಉಳಿದದ್ದನ್ನು ಹಾಗೇ ಚೆಲ್ಲಿದೆ.

ಮುಂದಿನದು ಕ್ಯಾಲೆಂಡರಿನಲ್ಲಿ ಬರೆದಿಟ್ಟದ್ದು:

ಜೂನ್ 19. ಮೆಂತ್ಯ ಮೊಳಕೆ, ಸಾಲಾಗಿ.

ಜೂನ್ 20. ಗುಬ್ಬಿಗಳು ತೊಟ್ಟಿ ಕೆದರುತ್ತಿವೆ. ಮಣ್ಣಲ್ಲಿ ಏನಿದೆ ಅಂತ ನೋಡಿದರೆ ಹೊಟ್ಟಿನ ಜೊತೆ ಬಂದ ಭತ್ತದ ಕಾಳು. ಮೆಂತ್ಯದ ಒಂದು ಮೂಲೆ ಹಾಳು. ಹಳೇ ಸೀರೆ ಮುಚ್ಚಿದೆ.

ಜೂನ್ 23. ಪಾಲಕ್ ನಡುವೆ ಹುಲ್ಲು ಬಂತು ಅಂತ ಕೀಳಲು ಹೋದೆ. ಅಮ್ಮ ತಡೆದರು, ಭತ್ತದ ಸಸಿ ಅದು. ಎಣಿಸಿದರೆ ಮೂವತ್ತರ ಮೇಲಿತ್ತು. ಕಿತ್ತು ಒಂದು ಟಬ್ಬಿಗೆ ನಾಟಿ ಮಾಡಿದ್ದಾರೆ. ಭದ್ರಾ ನಾಲೆ ನೀರು ತಾರಸಿಗೆ ಯಾವಾಗ ಬಿಡ್ತಾರೆ ಅಂತ ದಿನಾ ಕೇಳುತ್ತಾರೆ.

ಜೂನ್ 26. ಕೊತ್ತಂಬರಿ ಎಡಗಡೆ, ಅಂದರೆ ಒಡೆದ ಬೀಜ ಹಾಕಿದ ಕಡೆ, ಚೆನ್ನಾಗಿ ಹುಟ್ಟಿದೆ. ಬಲಗಡೆ ಅಲ್ಲೊಂದು ಇಲ್ಲೊಂದು.

ಹೊಟ್ಟು ಹಾಕುವುದಾದರೆ ಗಾಳಿಗೆ ತೂರಿ ಕಾಳು ಬೇರ್ಪಡಿಸಿ ಹಾಕಿ. ಇಲ್ಲವೇ ಒಂದು ವಾರ ನೆನೆಸಿಟ್ಟು ಮೊಳಕೆ ಬಂದದ್ದನ್ನು ಆರಿಸಿ.

ಖರ್ಚು

ಡ್ರಮ್ಮು 1,100. ಕೋಕೋಪಿಟ್ 180, ಕೆಮ್ಮಣ್ಣು 200, ಎರೆಗೊಬ್ಬರ 400, ಹಿಂಡಿ 90, ಹೊಟ್ಟು 20. ಆಂಗಲ್ 180, ವೆಲ್ಡಿಂಗ್ 350, ಆಟೋ 150. ಬಣ್ಣ 210, ಪುಟ್ಟಿ 80, ಬಿಳಿ ಸಿಮೆಂಟು 40. ಬೀಜ, ಸಸಿ 100. ಒಟ್ಟು 3,100 ರೂಪಾಯಿ.

ಅಮ್ಮ ಈ ಲೆಕ್ಕವನ್ನು ಬೇರೆ ಥರ ಹೇಳುತ್ತಾರೆ. "364 ಬರೋದಿತ್ತು, 3,100 ಹೋಯ್ತು. ಎರಡೂ ಕೂಡಿಸು." ಕೂಡಿಸಿದೆ, 3,464. ಇದುವರೆಗೆ ಕೊಯ್ದದ್ದು ಎರಡು ಕಟ್ಟು ಮೆಂತ್ಯ ಸೊಪ್ಪು.

9. ಎಡಗಾಲು (ಇನ್ನೂ ಮುಗಿದಿಲ್ಲ)

ಜೂನ್ 16, ಸೋಮವಾರ ಬೆಳಿಗ್ಗೆ ಕೊಕ್ಕರೆಯನ್ನು ಒಂದು ಗೇಣು ಸರಿಸಿದೆ. ಟಿಣ್ ಅಂತ ಸದ್ದಾಗಿ ಬಲಗಾಲು ಹೆಂಚಿನಿಂದ ಬಿಟ್ಟುಕೊಂಡಿತು. ವೆಲ್ಡಿಂಗ್ ಉಂಡೆ ಕಾಲಿನ ಜೊತೆ ನೆಟ್ಟಗೆ ಬಂದಿತ್ತು, ಅದರ ಅಡಿಯಲ್ಲಿ ಹೆಂಚಿನ ತೆಳು ಪದರ. ಎಡಗಾಲಿನ ಸುತ್ತ ಕೂದಲಿನಂಥ ಬಿರುಕು. ಯಜಮಾನರು ಹೇಳಿದ್ದು ಅಕ್ಷರಕ್ಕೆ ಅಕ್ಷರ.

ಮುಂದಿನ ಭಾನುವಾರ ಬಲಗಾಲಿಗೆ ಬೋಲ್ಟ್ ಹಾಕಿದೆ. ಹೊಸ ಡ್ರಿಲ್ ಬಿಟ್ 60 ರೂಪಾಯಿ, ಮೇಲಿನ ಲೆಕ್ಕದಲ್ಲಿ ಸೇರಿಲ್ಲ. ಬೀಡು ಕಬ್ಬಿಣಕ್ಕೆ ಎಣ್ಣೆ ಬಿಡಬಾರದು, ನಿಧಾನಕ್ಕೆ ತಿರುಗಿಸಬೇಕು. ಕಪ್ಪು ಪುಡಿ ಉದುರುತ್ತಾ 8 ಮಿ.ಮೀ. ತೂತು ಹತ್ತು ನಿಮಿಷಕ್ಕೆ ಬಿತ್ತು. ಪುಡಿ ಬೆರಳಿಗೆ ಪೆನ್ಸಿಲ್ ಸೀಸದ ಹಾಗೆ ಹತ್ತುತ್ತೆ. ಕಾಲಿನ ತುದಿಗೆ ಯಜಮಾನರಿಂದಲೇ ಒಂದು ಬೋಲ್ಟ್ ಬೆಸೆಸಿಕೊಂಡು ಬಂದು ಕೆಳಗಿಂದ ನಟ್ಟು ಬಿಗಿದೆ. ಬೋಲ್ಟ್ ತಲೆ ಮೇಲೆ ಕಾಣುವುದೇ ಇಲ್ಲ. ಇದನ್ನು ಮೊದಲೇ ಮಾಡಬಹುದಿತ್ತು.

ಎಡಗಾಲಿನದು ಮಾತ್ರ ಆಗುತ್ತಿಲ್ಲ. ಕಾಲು ಹಗುರವಾಗಿ ತಟ್ಟಿ ಬಿಡಿಸಿ, ಅದೇ ಜಾಗದಲ್ಲಿ ತೂತು ಹಾಕಲು ಹೋದೆ. ಬಲಗಾಲಿಗೆ ವೆಲ್ಡಿಂಗ್ ಜಾಗ ಬಿಟ್ಟು ಪಕ್ಕದಲ್ಲಿ ಕೊರೆದಿದ್ದೆ, ಅದು ಆಕಸ್ಮಿಕ. ಇಲ್ಲಿ ವೆಲ್ಡಿಂಗ್ ಆದ ಜಾಗದಲ್ಲೇ ಕೊರೆದೆ. ಬೀಡು ಕಾದು ಬೇಗ ಆರಿದರೆ ಗಾಜಿನಷ್ಟು ಗಟ್ಟಿಯಾಗುತ್ತೆ. ಬಿಟ್ ಕಿರುಚಿತು, ತುದಿ ನೀಲಿಯಾಯ್ತು, ಹೆಂಚಿನ ಮೇಲೆ ಹೊಳೆಯುವ ಒಂದು ಚುಕ್ಕೆ ಬಿಟ್ಟು ಬೇರೇನೂ ಆಗಲಿಲ್ಲ. ಎರಡನೇ ಬಿಟ್ ಕೂಡ ಹೋಯ್ತು. ಸದ್ಯಕ್ಕೆ ಕಾಲನ್ನು ತಂತಿಯಲ್ಲಿ ಬಿಗಿದು ನಿಲ್ಲಿಸಿದ್ದೇನೆ, ಗಾಳಿಗೆ ಅಲ್ಲಾಡುತ್ತೆ.

ಇವತ್ತು ಸೀಮೆಸುಣ್ಣದಲ್ಲಿ ಹೊಸ ಗುರುತು ಹಾಕಿದೆ, ಆ ಹೊಳೆಯುವ ಚುಕ್ಕೆಗಿಂತ 3 ಸೆಂ.ಮೀ. ಮುಂದೆ. ಅಲ್ಲಿ ತೂತು ಬಿದ್ದರೆ ಒಂದು ಹೆಜ್ಜೆ ಮುಂದಿಟ್ಟ ಹಾಗೆ ನಿಲ್ಲುತ್ತೆ. ಬೀಳದಿದ್ದರೆ ಎಡಗಾಲನ್ನು ಅರ್ಧಕ್ಕೆ ಕೊಯ್ದು, ಮಡಚಿ, ಹೊಟ್ಟೆಯ ಕೆಳಗೆ ಬೆಸೆಸಿಬಿಡೋದು ಅಂತ ಯಜಮಾನರ ಹತ್ತಿರ ಮಾತಾಡಿದ್ದೇನೆ. ಒಂಟಿ ಕಾಲಲ್ಲಿ ನಿಂತರೆ ಆಗಲಾದರೂ ಜನ ಕೋಳಿ ಅನ್ನೋದು ಬಿಡಬಹುದು.